ಗುರುಸಿದ್ದವ್ವ ಮಾರಿದ ದಾವಣಿ

ಕೆರೂರಿನ ಸಂತೆಬೀದಿಯಲ್ಲಿ ಗುರುಸಿದ್ದವ್ವನ ಜೊತೆ ಚೌಕಾಸಿ ಮಾಡಿ ಗೆದ್ದವರಿಲ್ಲ. ಗಂಡ ತೀರಿಕೊಂಡ ಮೇಲೆ ಪುಂಡಿನಾರಿನ ಹಗ್ಗ ಮಾರಿಯೇ ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದವಳು. ಬಾಯಿ ಜೋರು, ಕರುಳು ಮೆತ್ತಗೆ. ಎಪ್ಪತ್ತೆಂಟನೇ ಇಸವಿಯಲ್ಲಿ ಅಂಗಡಿಗೊಂದು ಬೋರ್ಡು ಬರೆಸಿದಳು: "ಎಲ್ಲಾ ನಮೂನಿ ದಾವಣಿ ಸಿಗುತ್ತವೆ." ದನಗಳನ್ನು ಸಾಲಾಗಿ ಕಟ್ಟುವ ಉದ್ದನೆಯ ಹಗ್ಗಕ್ಕೆ ಆ ಸೀಮೆಯಲ್ಲಿ ದಾವಣಿ ಎನ್ನುತ್ತಾರೆ.

ಬೋರ್ಡು ಓದಿ ಒಂದು ಟಾಂಗಾ ನಿಂತಿತು. ಮೈಸೂರು ಕಡೆಯಿಂದ ವರ್ಗವಾಗಿ ಬಂದ ಓವರ್ಸಿಯರನ ಹೆಂಡತಿ ಬಿಸಿಲಿಗೆ ಹೆದರಿ ಒಳಗಿಂದಲೇ ಕೂಗಿದಳು: "ನನ್ನ ಮಗಳಿಗೆ ಒಂದು ದಾವಣಿ ಬೇಕಿತ್ತು."

"ಮಗಳಿಗಾ?"

"ಹೂಂ. ದೊಡ್ಡವಳಾದಳು, ಇನ್ನು ಹಾಗೇ ಬಿಟ್ಟರೆ ಚೆನ್ನಾಗಿರಲ್ಲ. ಸ್ವಲ್ಪ ಗಟ್ಟಿಯಾದ್ದು ಕೊಡಿ, ಎಳೆದಾಡಿ ಹರೀತಾಳೆ."

"ಎರಡು ಎತ್ತು ಜಗ್ಗಿದ್ರೂ ಹರಿಯಂಗಿಲ್ಲ. ಆದ್ರ ತಂಗೀ, ಹುಡುಗಿ ಅಷ್ಟ ಕಾಡ್ತಾಳನು?"

"ಸಂಜೆ ಓವರ್ಸಿಯರ ಮನೆಗೇ ತನ್ನಿ, ನೋಡಿ ತಗೋತೀವಿ." ಟಾಂಗಾ ಹೊರಟುಹೋಯಿತು.

ಗುರುಸಿದ್ದವ್ವ ಕೈಯಲ್ಲಿದ್ದ ಹಗ್ಗ ಬಿಸುಟು ಎದ್ದಳು. ಪಕ್ಕದಲ್ಲಿ ಎತ್ತಿಗೆ ಲಾಳ ಕಟ್ಟುತ್ತಿದ್ದ ಸುಭಾನಸಾಬನನ್ನು ಎಬ್ಬಿಸಿದಳು. "ಹಡದ ಮಗಳಿಗೆ ದಾವಣಿ ಹಾಕ್ತಾಳಂತೋ! ಬಸವಣ್ಣ ಮೆಚ್ಚತಾನೇನು?"

"ಮೈಸೂರ ಮಂದಿ ಭಾಳ ಮೆತ್ತಗ ಅಂತಿದ್ರಲ್ಲಬೇ!"

"ಮಾತ್ ಅಷ್ಟ ಮೆತ್ತಗ. ನಡಿ, ಕೂಸಿನ್ನ ಬಿಡಿಸ್ಕೊಂಡು ಬರೂಣು."

ಓವರ್ಸಿಯರನ ಅಂಗಳದಲ್ಲಿ ಹುಡುಗಿ ಕುಂಟಾಟ ಆಡುತ್ತಿದ್ದಳು. "ಇನ್ನೂ ಕಟ್ಟಿಲ್ಲ, ಪುಣ್ಯಾ! ಬಾ ನನ್ನವ್ವಾ, ನಮ್ಮನಿಗೆ ಹೋಗೂಣು" ಎಂದು ಗುರುಸಿದ್ದವ್ವ ರಟ್ಟೆ ಹಿಡಿದಳು. ಹುಡುಗಿ ಚೀರಿದಳು. ತಾಯಿ ಸೌಟು ಹಿಡಿದೇ ಓಡಿಬಂದಳು. ಓಣಿಯೆಲ್ಲ ನೆರೆಯಿತು.

ಓವರ್ಸಿಯರ ದಾಮೋದರಯ್ಯ ಬನಿಯನ್ನಿನಲ್ಲೇ ಹೊರಗೆ ಬಂದು ಎರಡೂ ಕಡೆಯ ದೂರು ಕೇಳಿ, ಕಟ್ಟೆಯ ಮೇಲೆ ಕುಸಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಅಮ್ಮಾ, ನಮ್ಮ ಕಡೆ ಹುಡುಗೀರು ಲಂಗದ ಮೇಲೆ ಹೊದೆಯೋ ಬಟ್ಟೆಗೆ ದಾವಣಿ ಅಂತಾರೆ!"

"ಹೊದಿಯೋ ಅರಿವೆಗೆ ಹಗ್ಗದ ಹೆಸರು ಯಾಕಿಟ್ರಿ?"

"ಅದು ನನಗೂ ಗೊತ್ತಿಲ್ಲ. ಸಂಸ್ಕೃತದಲ್ಲಿ ದಾಮ ಅಂದರೆ ಹಗ್ಗ. ನಿಮ್ಮ ದಾವಣಿ ಅಲ್ಲಿಂದ ಬಂದದ್ದು. ಅಷ್ಟೇಕೆ, ನನ್ನ ಹೆಸರೂ ಅದರದ್ದೇ. ಯಶೋದೆ ಹೊಟ್ಟೆಗೆ ಹಗ್ಗ ಬಿಗಿದಳಲ್ಲ, ಅದಕ್ಕೇ ಕೃಷ್ಣ ದಾಮೋದರ."

ಗುರುಸಿದ್ದವ್ವ ಬನಿಯನ್ನಿನೊಳಗಿನ ಹೊಟ್ಟೆಯನ್ನು ಅಳೆಯುವಂತೆ ನೋಡಿದಳು. "ನಿಮಗ ನಮ್ಮಂಗಡಿ ಹಗ್ಗ ಸಾಲೂದಿಲ್ಲ ಬಿಡ್ರಿ."

ಎಲ್ಲರಿಗಿಂತ ಜೋರಾಗಿ ನಕ್ಕವಳು ಓವರ್ಸಿಯರನ ಹೆಂಡತಿ. ಕಾಫಿ ಬಂತು. ಗುರುಸಿದ್ದವ್ವ ಹಿಡಿದಿದ್ದ ರಟ್ಟೆಯನ್ನು ಸವರಿ, ಮರುವಾರ ತಾನೇ ಇಳಕಲ್ಲಿಗೆ ಹೋಗಿ ಕೆಂಪಂಚಿನ ಬಟ್ಟೆ ತಂದುಕೊಟ್ಟಳು.

ಹುಡುಗಿಗೆ ಬಟ್ಟೆಗಿಂತ ಹಗ್ಗವೇ ಹಿಡಿಸಿತು. ಶಾಲೆ ಬಿಟ್ಟೊಡನೆ ಆ ಕೆಂಪಂಚಿನ ದಾವಣಿಯನ್ನು ಸೊಂಟಕ್ಕೆ ಬಿಗಿದು ಗುರುಸಿದ್ದವ್ವನ ಅಂಗಡಿಯಲ್ಲಿ ಹಗ್ಗ ಹೊಸೆಯಲು ಕೂರುತ್ತಿದ್ದಳು. ಮಗಳ ಮೈಯೆಲ್ಲ ಪುಂಡಿವಾಸನೆ ಎಂದು ತಾಯಿ ಹಣೆ ಚಚ್ಚಿಕೊಳ್ಳುತ್ತಿದ್ದಳು. ಮುಂದೆ ಓವರ್ಸಿಯರನಿಗೆ ಹುನಗುಂದಕ್ಕೆ ವರ್ಗವಾದಾಗ ಲಾರಿಯ ಸಾಮಾನು ಹಗ್ಗದಿಂದ ಬಿಗಿದವಳು ಆ ಹುಡುಗಿಯೇ. ದಾರಿಯಲ್ಲಿ ಒಂದು ಚಮಚವೂ ಅಲುಗಲಿಲ್ಲ. ಆದರೆ ಹುನಗುಂದದಲ್ಲಿ ಆ ಗಂಟು ಬಿಚ್ಚಲು ಅವಳಿಂದಲೂ ಆಗದೆ, ಕೆರೂರಿಗೆ ಆಳು ಕಳಿಸಿ ಗುರುಸಿದ್ದವ್ವನನ್ನು ಕರೆಸಬೇಕಾಯಿತು.