ತಂಬೂರಿಯ ಕೋಣೆಯಲ್ಲಿ ಮೀನಿನ ಪಂಪು

ನಮ್ಮ ಪಡಸಾಲೆಯಲ್ಲಿ ನಾಲ್ಕು ಗೋಲ್ಡ್ ಫಿಶ್‌ಗಳಿವೆ. ತಂದಾಗ ಹೆಬ್ಬೆರಳಿನಷ್ಟಿದ್ದವು, ಆರು ವರ್ಷದಲ್ಲಿ ಅಂಗೈ ತುಂಬುವಷ್ಟಾದವು. ಅದೇ ಪಡಸಾಲೆಯಲ್ಲಿ ನನ್ನ ಹೆಂಡತಿ ಸಂಜೆ ಸಂಗೀತ ಕಲಿಸುತ್ತಾಳೆ. ಧಾರವಾಡದಲ್ಲಿ ಅದೇನೂ ವಿಶೇಷವಲ್ಲ, ನಮ್ಮ ಓಣಿಯಲ್ಲೇ ಮೂರು ಮನೆಗಳಲ್ಲಿ ತಂಬೂರಿ ಕೇಳಿಸುತ್ತದೆ. ಕಾಲೇಜಿನ ಕಚೇರಿಯಲ್ಲಿ ಗುಮಾಸ್ತನಾದ ನನಗೆ ಒಂದು ಸ್ವರವೂ ಒಲಿಯಲಿಲ್ಲ. ನನ್ನ ಪಾಲಿಗೆ ಮೀನುಗಳಿದ್ದವು.

ಮೀನು ಬೆಳೆದ ಮೇಲೆ ತೊಟ್ಟಿಯೊಳಗಿನ ಸಣ್ಣ ಫಿಲ್ಟರ್ ಸಾಲದಾಯಿತು. ಬದಲಿಸಿದ ಮೂರನೆಯ ದಿನಕ್ಕೇ ನೀರು ಅಕ್ಕಚ್ಚಿನಂತೆ ಮಬ್ಬಾಗುತ್ತಿತ್ತು. ಒಂದು ಬೆಳಗ್ಗೆ ಬಿಳಿಯ ಮೀನು ಮೇಲಕ್ಕೆ ಬಂದು ಉಸಿರಿಗಾಗಿ ಬಾಯಿ ಬಡಿಯುತ್ತಿತ್ತು. ಅಂದೇ ಸಂಪು ಮಾಡಿಸಬೇಕೆಂದು ತೀರ್ಮಾನಿಸಿದೆ. ನೆಲದಡಿಯ ಸಂಪಲ್ಲ, ಮೀನಿನ ತೊಟ್ಟಿಯ ಕೆಳಗೆ, ಕಪಾಟಿನೊಳಗೆ ಇಡುವ ಇನ್ನೊಂದು ಗಾಜಿನ ತೊಟ್ಟಿ. ಮೇಲಿನ ನೀರು ಒಂದು ಪೈಪಿನಿಂದ ತಾನೇ ಅದಕ್ಕಿಳಿದು, ಸ್ಪಂಜು ಮತ್ತು ಸಿರಾಮಿಕ್ ಉಂಗುರಗಳ ನಡುವೆ ಹಾದು ಶುದ್ಧವಾಗಿ, ಪಂಪಿನ ಬಲದಿಂದ ಮತ್ತೊಂದು ಪೈಪಿನಲ್ಲಿ ಮೇಲೇರುತ್ತದೆ.

ಸಂಪು ಮಾಡಿಸಿ, ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಪಂಪುಗಳನ್ನು ನೋಡಿದೆ. ಡಬ್ಬಿಯ ಮೇಲೆ ಯಾವುದರ ಅಂಕಿ ದೊಡ್ಡದೋ ಅದನ್ನೇ ಆರಿಸಿದೆ. ಹೆಚ್ಚು ನೀರೆತ್ತಿದರೆ ಹೆಚ್ಚು ಶುದ್ಧ ಎಂಬುದು ನನ್ನ ಲೆಕ್ಕ. ಮನೆಗೆ ತಂದು ಹಚ್ಚಿದರೆ ಮೀನುಗಳು ಹೊಳೆಯ ಸೆಳವಿಗೆ ಸಿಕ್ಕವರಂತೆ ಒಂದು ಮೂಲೆಗೆ ಸರಿದು ನಿಂತವು. ಕಪಾಟು ಗುಂಯ್ಗುಡತೊಡಗಿತು.

“ಇದರ ಸಪ್ಪಳ ನನ್ನ ಷಡ್ಜಕ್ಕಿಂತ ಒಂಚೂರು ಮ್ಯಾಲ ಐತಿ,” ಎಂದಳು ಹೆಂಡತಿ. “ಕಲಿಯಾಕ ಬಂದಾವರು ತಂಬೂರಿ ಬಿಟ್ಟು ಇದಕ್ಕ ಸ್ವರ ಹಚ್ಚಾಕತ್ತಾರ.”

ನಾಲ್ಕು ದಿನ ತಡಿ, ರೂಢಿಯಾಗುತ್ತದೆ ಎಂದೆ.

ಮೂರನೆಯ ದಿನ ಪಾಠದ ಹೊತ್ತಿಗೆ ಕರೆಂಟ್ ಹೋಯಿತು. ಪಂಪು ನಿಂತದ್ದಕ್ಕೆ ಹೆಂಡತಿಗೆ ಖುಷಿಯೇ ಆಗಿರಬೇಕು, ಹಾಡು ಮುಂದುವರಿಸಿದಳು. ಸ್ವಲ್ಪ ಹೊತ್ತಿಗೆ ಕಲಿಯಲು ಬಂದಿದ್ದ ಶಾಲೆಯ ಟೀಚರೊಬ್ಬರು ಎದ್ದು ನಿಂತರು.

“ಅಕ್ಕಾರ, ಜಮಖಾನಿ ಹಸಿ ಆಗೇತ್ರಿ.”

ಒಳಗಿಂದ ಓಡಿ ಬಂದೆ. ಪಂಪು ನಿಂತದ್ದರಿಂದ, ಮೇಲಿನ ತೊಟ್ಟಿಯಲ್ಲಿ ತುದಿ ಮುಳುಗಿದ್ದ ಏರುವ ಪೈಪಿನಲ್ಲೇ ನೀರು ಹಿಂದಕ್ಕೆ ಇಳಿಯುತ್ತಿತ್ತು. ಸಂಪು ತುಂಬಿ, ಕಪಾಟಿನ ಸಂದಿಯಿಂದ ನೆಲಕ್ಕೆ ಹರಿದು, ಮೂಲೆಯಲ್ಲಿದ್ದ ತಂಬೂರಿಯ ಬುರುಡೆಯ ಬುಡಕ್ಕೆ ಮುಟ್ಟಿತ್ತು. ಆ ತಂಬೂರಿ ಅವಳ ಗುರುಗಳು ತಮ್ಮ ಕೈಯಾರೆ ಕೊಟ್ಟದ್ದು. ನಾನು ಪೈಪನ್ನು ನೀರಿನಿಂದ ಮೇಲೆತ್ತಿದೆ, ಹರಿವು ನಿಂತಿತು. ಅವಳು ಸೆರಗಿನಿಂದಲೇ ಬುರುಡೆ ಒರೆಸಿದಳು, ತಂತಿಗಳನ್ನು ಸಡಿಲಿಸಿದಳು, ಕೌದಿಯ ಮೇಲೆ ಮಲಗಿಸಿದಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

“ಬುರುಡಿ ಬೆಸುಗಿ ಬಿಟ್ಟಿದ್ರ ಒಣಗಿದ ಮ್ಯಾಲ ತಿಳೀತೈತಿ. ಎಂಟು ದಿನ ಮುಟ್ಟೂದು ಬ್ಯಾಡ,” ಎಂದಳು.

ಮರುದಿನ ಪಕ್ಕದ ಮನೆಯ ಕಾಕಾನನ್ನು ಕರೆತಂದೆ. ನಮ್ಮೂರ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಮೋಟರ್ ವೈಂಡಿಂಗ್ ಮಾಡಿ ನಿವೃತ್ತರಾದವರು. ಕಪಾಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಎಲ್ಲ ನೋಡಿದರು.

“ಪಂಪು ಎಷ್ಟು ಎತ್ತತೈತಿ ಅಂತ ನೋಡಿ ತಂದೀರಿ. ಇಳಿಯೂ ಪೈಪು ಎಷ್ಟು ಇಳಸ್ತೈತಿ ಅಂತ ನೋಡೀರೇನು?”

“ಇಲ್ರಿ ಕಾಕಾ.”

“ಮದಲ ಅದನ್ನ ನೋಡಬೇಕ್ರಿ. ಇಳಿಯೂದಕ್ಕಿಂತ ಏರೂದು ಹೆಚ್ಚಾದ್ರ ಮ್ಯಾಲಿನ ತೊಟ್ಟಿನೂ ಒಂದಿನಾ ಉಕ್ಕತೈತಿ.”

ಇಳಿಯುವ ಪೈಪಿಗೆ ಬಕೆಟ್ ಹಿಡಿದು, ಗಡಿಯಾರ ನೋಡಿ, ಎಷ್ಟು ಹೊತ್ತಿಗೆ ತುಂಬುತ್ತದೆಂದು ಅಳೆದರು. ನಾನು ತಂದದ್ದರ ಅರ್ಧ ಬಲದ ಪಂಪು ಧಾರಾಳ ಸಾಕಿತ್ತು. ಅಂಗಡಿಯವರು ಬೇಸರವಿಲ್ಲದೆ ಬದಲಿಸಿಕೊಟ್ಟರು. ಕಾಕಾ ಏರುವ ಪೈಪಿಗೆ, ಮೇಲಿನ ತೊಟ್ಟಿಯ ನೀರಿನ ಮಟ್ಟಕ್ಕಿಂತ ಒಂದು ಬೆರಳು ಕೆಳಗೆ, ಸಣ್ಣ ತೂತು ಕೊರೆದರು. ನೀರು ಅಲ್ಲಿಯವರೆಗೆ ಇಳಿದೊಡನೆ ತೂತಿನಿಂದ ಗಾಳಿ ಹೊಕ್ಕು ಹರಿವು ತುಂಡಾಗಬೇಕು. ಅಷ್ಟು ನೀರು ಹಿಡಿಯಲು ಸಂಪಿನಲ್ಲಿ ಯಾವಾಗಲೂ ಜಾಗ ಖಾಲಿ ಬಿಡಿಸಿದರು. ಪಂಪಿನ ಕೆಳಗೆ ದಪ್ಪ ಸ್ಪಂಜಿನ ಹಾಸು ಇಟ್ಟರು.

“ಈಗ ಸ್ವಿಚ್ ಆರಸ್ರಿ.”

ಹೆಂಡತಿಯೇ ಬಂದು ಆರಿಸಿದಳು. ಮೂವರೂ ಬಗ್ಗಿ ನೋಡಿದೆವು. ಸಂಪಿನ ನೀರು ಏರಿತು, ಇನ್ನೂ ಏರಿತು. ಮೇಲಿನ ಪೈಪು ಗೊರಗೊರ ಎಂದಿತು. ಗಾಜಿನ ಅಂಚಿಗೆ ನಾಲ್ಕು ಬೆರಳು ಬಾಕಿ ಇರುವಾಗ ನೀರು ನಿಂತಿತು.

“ಇನ್ನೊಮ್ಮೆ,” ಎಂದಳು. ಮೂರು ಸಲ ಹಚ್ಚಿ ಆರಿಸಿದಳು. ಮೂರು ಸಲವೂ ಅಲ್ಲೇ ನಿಂತಿತು.

ಎಂಟನೆಯ ದಿನ ತಂಬೂರಿಯ ತಂತಿ ಬಿಗಿದು, ಬುರುಡೆಗೆ ಕಿವಿ ಹಚ್ಚಿ ಮೀಟಿದಳು. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆ, ಪಡಸಾಲೆಗೆ ಬರುವ ಧೈರ್ಯವಿರಲಿಲ್ಲ. ಅವಳು ಬಹಳ ಹೊತ್ತು ಕೇಳಿದಳು.

“ಏನೂ ಆಗಿಲ್ಲ,” ಎಂದು ಗೋಡೆಗೆ ಒರಗಿದಳು. “ಚಹಾ ಮಾಡ್ರಿ.”

ಮುಂದಿನ ತಿಂಗಳು ನೆಂಟರ ಮನೆಯ ವಾಸ್ತುಶಾಂತಿಗೆ ಹತ್ತಿರದ ಮುಗದ ಎಂಬ ಹಳ್ಳಿಗೆ ಹೋಗಿದ್ದೆವು. ಊಟಕ್ಕೆ ಕೂತಾಗ ಕಾಕಾನ ಫೋನು ಬಂತು. ನಮ್ಮ ಮನೆಯ ಕೀಲಿ ಅವರ ಕೈಯಲ್ಲಿತ್ತು. ಹೆಂಡತಿ ಎಲೆಯ ಮುಂದಿನಿಂದ ಅರ್ಧ ಎದ್ದೇಬಿಟ್ಟಳು.

“ಎರಡು ತಾಸು ಕರೆಂಟ್ ಇರಲಿಲ್ರಿ,” ಎಂದರು ಕಾಕಾ. “ಬಂದು ನೋಡೀನಿ. ನೆಲಾ ಒಣಾ ಐತಿ. ಪಂಪು ತಾನ ಚಾಲೂ ಆತು, ಮೀನಾ ಆರಾಮ ಅದಾವ. ನೀವು ನಿವಾಂತ ಬರ್ರಿ.”

ಹೇಳಿದೆ. ಅವಳು ಮತ್ತೆ ಕೂತು, ಬಡಿಸಲು ಬಂದವರಿಗೆ ಇನ್ನೊಂದು ಹೋಳಿಗೆ ಹಾಕಲು ಹೇಳಿದಳು. ಆ ರಾತ್ರಿ ನಾವು ಅಲ್ಲೇ ಉಳಿದೆವು.