ಅದೃಶ್ಯ ಹೊರೆಯ ಗಾಡಿ

ರಾಯಚೂರಿನಲ್ಲಿ ಯಾರದಾದರೂ ಪಾಯಖಾನೆಯ ಟ್ಯಾಂಕಿ ತುಂಬಿ ಅಂಗಳಕ್ಕೆ ಹರಿದರೆ ನನಗೆ ಫೋನು ಬರುತ್ತದೆ. ಗಾಡಿ ಒಯ್ದು, ಪೈಪು ಇಳಿಬಿಟ್ಟು, ಮೋಟಾರು ಹಚ್ಚಿ, ಇದ್ದದ್ದನ್ನೆಲ್ಲ ಎಳೆದುಕೊಂಡು ಊರ ಹೊರಗಿನ ಶುದ್ಧೀಕರಣ ಘಟಕಕ್ಕೆ ಮುಟ್ಟಿಸಿ ಬರುತ್ತೇನೆ. ಇಷ್ಟೇ ನನ್ನ ಉದ್ಯೋಗ. ದೇವದುರ್ಗದಲ್ಲಿರುವ ಅವ್ವ ಕೂಲಿ ಮಾಡಿ ನನ್ನನ್ನು ಬಿ.ಕಾಂ. ಓದಿಸಿದವಳು. ಗಾಡಿಯನ್ನು ಮೊದಲ ಸಲ ನೋಡಿದಾಗ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದಕ್ಕ ಕಾಲೇಜು ಯಾಕ ಬೇಕಿತ್ತೋ ಯಪ್ಪಾ?" ಎಂದಳು. ದಂಧೆಯ ಲೆಕ್ಕ ಇಡಲು ಬೇಕೆಂದೆ. ನಂಬಲಿಲ್ಲ.

ಹೆಂಡತಿ ಮಾನ್ವಿಯವಳು, ಇಲ್ಲಿನ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನದ ಟೀಚರು. ನನ್ನ ಕೆಲಸದ ಬಗ್ಗೆ ಅವಳಿಗೆ ತಕರಾರು ಇರಲಿಲ್ಲ, ಅದರ ಹೆಸರಿನ ಬಗ್ಗೆ ಇತ್ತು. ಸ್ಟಾಫ್ ರೂಮಿನಲ್ಲಿ, "ನಮ್ಮ ಮನಿಯವ್ರು ಪರಿಸರ ಕ್ಷೇತ್ರದಾಗ ಅದಾರ" ಎಂದು ಹೇಳಿಬಿಟ್ಟಿದ್ದಳು. ಅದು ಸುಳ್ಳೂ ಅಲ್ಲ. ನಾನು ಬಂದುಹೋದ ಮೇಲೆ ಯಾವ ಮನೆಯ ಪರಿಸರವಾದರೂ ಸುಧಾರಿಸಿಯೇ ಇರುತ್ತದೆ.

ನನ್ನ ತೊಂದರೆಯೆಂದರೆ, ಟ್ಯಾಂಕಿ ತುಂಬಿದಾಗ ಮಾತ್ರ ಜನಕ್ಕೆ ನೆನಪಾಗುತ್ತಿದ್ದೆ. ಖಾಲಿಯಾದ ಕೂಡಲೇ ನನ್ನ ನಂಬರನ್ನು ಅಳಿಸಿಹಾಕುತ್ತಿದ್ದರು, ಮೊಬೈಲಿಗೂ ವಾಸನೆ ಹತ್ತೀತು ಎನ್ನುವಂತೆ. ಲಾಡ್ಜು, ಕಲ್ಯಾಣ ಮಂಟಪ, ಶಾಲೆಗಳ ಜತೆ ವರ್ಷದ ಕರಾರು ಮಾಡಿಕೊಂಡರೆ ನಿಶ್ಚಿಂತೆ ಅನ್ನಿಸಿ ಒಂದು ಪತ್ರ ಬರೆದೆ: "ಮಾನ್ಯರೇ, ನಿಮ್ಮ ಟ್ಯಾಂಕಿ ಇವತ್ತಲ್ಲ ನಾಳೆ ತುಂಬೇ ತುಂಬುತ್ತದೆ. ಆಗ ನನ್ನನ್ನು ಕರೆಯಿರಿ."

ಹೆಂಡತಿ ಓದಿದಳು. "ಇದು ಪ್ರಪೋಸಲ್ಲೇನ್ರೀ? ಧಮಕಿ ಹಾಕಿದಂಗ ಅದ."

ಅವಳ ಮೊಬೈಲಿನಲ್ಲಿ ಎಐ ಇತ್ತು. ಪ್ರಶ್ನೆಪತ್ರಿಕೆ ತಯಾರಿಸಲು ಬಳಸುತ್ತಿದ್ದಳು. ಸೋಫಾದ ಮೇಲೆ ಕಾಲು ಮಡಚಿ ಕೂತು ಅದಕ್ಕೆ ಅಪ್ಪಣೆ ಕೊಡತೊಡಗಿದಳು. ಮೊದಲು, ಓದಿದವರು ಒಪ್ಪಲೇಬೇಕು ಹಾಗೆ ಬರೆ ಎಂದಳು. ಬಂತು. ಗಲೀಜು ಪದ ಒಂದೂ ಬೇಡ ಎಂದಳು. ಅವೆಲ್ಲ ಹೋದವು. ಇನ್ನೂ ಗೌರವವಾಗಿ, ಇನ್ನೂ ಮನಮುಟ್ಟುವಂತೆ ಎಂದು ಹಿಂಡುತ್ತಲೇ ಹೋದಳು. ನನ್ನ ಗಾಡಿ, ಪೈಪು, ಮೋಟಾರು ಒಂದೊಂದಾಗಿ ಮಾಯವಾದವು. ಕೊನೆಗೆ ಉಳಿದದ್ದು ಹೀಗಿತ್ತು: "ನಿಮ್ಮ ಆವರಣದ ಅದೃಶ್ಯ ಹೊರೆಯನ್ನು ನಾವು ಗೌರವದಿಂದ ಹೊತ್ತೊಯ್ಯುತ್ತೇವೆ. ನಿಮ್ಮ ನೆಮ್ಮದಿಯ ಹರಿವು ಎಂದೂ ನಿಲ್ಲದಿರಲಿ."

"ಹರಿವು ನಿಲ್ಲಸಾಕೇ ನನ್ನ ಕರೀತಾರಲ್ಲ" ಎಂದೆ.

"ನೀವು ಸುಮ್ನಿರ್ರಿ. ಓದಾಕ ಎಷ್ಟು ಚಂದ ಅದ."

ಚಂದ ಇದ್ದದ್ದು ನಿಜ. ಒಂದು ಕ್ಷಣ ನನಗೇ ನನ್ನ ಮೇಲೆ ಗೌರವ ಬಂತು.

ಆ ಪ್ರಪೋಸಲ್ ಹಿಡಿದು ಮಾನ್ವಿಯ ಒಂದು ಲಾಡ್ಜಿಗೆ ಹೋದೆ. ಮಾಲೀಕರು ಹಿರಿಯರು. ಎದ್ದು ನಿಂತು, "ಬರ್ರಿ, ಕುಂದರ್ರಿ" ಎಂದರು. ಫ್ಯಾನು ನನ್ನ ಕಡೆ ತಿರುಗಿಸಿದರು, ಚಹಾ ತರಿಸಿದರು. ಕನ್ನಡಕ ಹಾಕಿಕೊಂಡು ಇಡೀ ಹಾಳೆ ಓದಿ, ದನಿ ತಗ್ಗಿಸಿ ಕೇಳಿದರು: "ಮ್ಯಾಲಿನ ಮೂಲಿ ರೂಮಿನ್ಯಾಗ ಗಿರಾಕಿ ನಿಂದ್ರವಲ್ರು ಸ್ವಾಮಿ. ಮೊದಲ ಅಲ್ಲೇ ನೋಡ್ತೀರೇನು? ನಿಂಬಿಕಾಯಿ ನಾವು ತರಬೇಕೋ, ನೀವೇ ತರ್ತೀರೋ?"

ದೆವ್ವ ಬಿಡಿಸುವವನೆಂದು ತಿಳಿದಿದ್ದರು. ನನಗೆ ಸುಳ್ಳಾಡುವ ಧೈರ್ಯ ಸಾಲಲಿಲ್ಲ. ಇದು ಮೇಲಿನ ರೂಮಿನ ಮಾತಲ್ಲ, ಹಿತ್ತಲಿನ ಟ್ಯಾಂಕಿಯ ಮಾತು ಎಂದು ಬಿಡಿಸಿ ಹೇಳಿದೆ. ಅವರು ಮತ್ತೆ ಹಾಳೆ ನೋಡಿದರು, ನನ್ನನ್ನು ನೋಡಿದರು.

"ಹೇಲಿನ ಗಾಡಿಯವ್ನಾ? ಮೊದಲ ಹೇಳಬಾರದೇನಲೇ?"

'ಸ್ವಾಮಿ'ಯಿಂದ 'ಲೇ'ಗೆ ಇಳಿಯಲು ಚಹಾ ಆರುವಷ್ಟು ಹೊತ್ತೂ ಬೇಕಾಗಲಿಲ್ಲ. ಟ್ಯಾಂಕಿ ತುಂಬಿದಾಗ ಹಿಂದಿನ ಬಾಗಿಲಿನಿಂದ ಬಾ ಎಂದರು. ಚಹಾ ಮಾತ್ರ ಪೂರ್ತಿ ಕುಡಿದೇ ಎದ್ದೆ.

ಮನೆಯಲ್ಲಿ ಇದನ್ನು ಹೇಳಿದರೆ ಹೆಂಡತಿ ನಗಲಿಲ್ಲ. "ಪ್ರಾಂಪ್ಟ್ ಕೊಡೋದ್ರಾಗ ನಂದೇ ತಪ್ಪು. ಪರಿಸರ ಅನ್ನೋದು ಸೇರಸ್ಲಿಲ್ಲ" ಎಂದಳು. ಸೇರಿಸಿದಳು. ಈಗ ಭೂಮಿತಾಯಿ ಬಂದಳು, ಮುಂದಿನ ಪೀಳಿಗೆ ಬಂತು, ಅದೃಶ್ಯ ಹೊರೆ ಹಾಗೇ ಉಳಿಯಿತು. ಹೊಸ ಪ್ರತಿಯನ್ನು ತಾನೇ ಒಯ್ದು ಶಾಲೆಯ ಹೆಡ್‌ಮಾಸ್ತರರ ಕೈಗಿಟ್ಟಳು. ಅವರು ಓದಿ ಎಷ್ಟು ಕರಗಿದರೆಂದರೆ, ಕರಾರಿನ ಸುದ್ದಿಯನ್ನೇ ಎತ್ತದೆ, ಶಾಲೆಯ ಪರಿಸರ ಕಾರ್ಯಕ್ರಮಕ್ಕೆ ನನ್ನನ್ನು ಮುಖ್ಯ ಅತಿಥಿಯಾಗಿ ಕರೆದುಬಿಟ್ಟರು.

ಹೆಂಡತಿಗೆ ಹಿಗ್ಗು, ಅದರ ಬೆನ್ನಿಗೇ ಹೆದರಿಕೆ. ಭಾಷಣವನ್ನೂ ಎಐ ಕೈಲೇ ಬರೆಸಿ ನನ್ನ ಜೇಬಿಗೆ ತುರುಕಿದಳು. "ಗಿಡದ ಬಗ್ಗೆ ಮಾತಾಡ್ರಿ. ಗಿಡ ಬಿಟ್ಟು ಕೆಳಗ ಇಳೀಬ್ಯಾಡ್ರಿ."

ಇಳಿಯಲಿಲ್ಲ. ಇಸ್ತ್ರಿ ಅಂಗಿ ಹಾಕಿಕೊಂಡು, ಕುಂಡದಲ್ಲಿನ ಬೇವಿನ ಸಸಿಗೆ ನೀರೆರೆದು, ಬರೆದದ್ದನ್ನು ನಿಷ್ಠೆಯಿಂದ ಓದಿದೆ. ಮಕ್ಕಳು ಆಕಳಿಸಿದರು. ಹಿಂದಿನ ಸಾಲಿನಲ್ಲಿ ಒಬ್ಬ ಮಾಸ್ತರರೂ ಆಕಳಿಸಿದರು. ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಹೆಡ್‌ಮಾಸ್ತರರು ಮೈಕು ಹಿಡಿದು, ಯಾರಾದರೂ ಪ್ರಶ್ನೆ ಕೇಳಬಹುದು ಎಂದರು. ಆರನೇ ಕ್ಲಾಸಿನ ಒಬ್ಬ ಹುಡುಗಿ ಎದ್ದಳು.

"ಸರ್, ನೀವು ದಿನಾ ಏನ್ ಕೆಲಸ ಮಾಡ್ತೀರಿ?"

ಹೆಂಡತಿಯ ಕಡೆ ನೋಡಿದೆ. ಅವಳು ಬೇವಿನ ಸಸಿಯನ್ನು ನೋಡುತ್ತಿದ್ದಳು. ಹಾಳೆಯನ್ನು ಮಡಚಿ ಜೇಬಿಗಿಟ್ಟೆ.

"ನೀವೆಲ್ಲ ಮುಂಜಾನಿ ಸಂಡಾಸಕ್ಕ ಹೋಗ್ತೀರಲ್ಲ? ಆಮ್ಯಾಲೆ ಅದು ಎಲ್ಲಿ ಹೋಗ್ತದ, ಗೊತ್ತದೇನು?"

ಇಡೀ ಸಭೆ ಹೋ ಎಂದಿತು. ಆಕಳಿಸುತ್ತಿದ್ದವರೆಲ್ಲ ನೆಟ್ಟಗೆ ಕೂತರು. ನಾಲ್ಕು ಕಡೆಯಿಂದ ಕೈ ಎದ್ದವು. ವಾಸನೆ ಬರ್ತದೇನ್ರಿ? ಗಾಡಿ ದಾರಿಯೊಳಗ ಒಡದ್ರ ಹೆಂಗ್ರಿ? ಒಳಗ ಏನೇನು ಸಿಗ್ತದ್ರಿ?

"ಒಮ್ಮೆ ಒಬ್ಬ ಅಜ್ಜಾರ ಹಲ್ಲಿನ ಸೆಟ್ಟು ಪೈಪಿನ ಬಾಯಿಗೆ ಸಿಕ್ಕಿತ್ತು" ಎಂದೆ.

"ವಾಪಸ್ ಕೊಟ್ರೇನ್ ಸರ್?"

"ತೊಳದು ಕೊಟ್ಟೆ."

"ಅವ್ರು ಹಾಕ್ಕೊಂಡ್ರೇನ್ ಸರ್?"

"ನಾ ನಿಂತು ನೋಡ್ಲಿಲ್ಲ."

ಹೆಡ್‌ಮಾಸ್ತರರು ಕರ್ಚೀಫಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ನಗು ತಡೆಯಲೋ ನಾಚಿಕೆಗೋ, ಗೊತ್ತಾಗಲಿಲ್ಲ. ಆಗ ಮೊದಲಿನ ಹುಡುಗಿ ಮತ್ತೆ ಎದ್ದು, ನೀವು ಗುಂಡಿಯೊಳಗೆ ಇಳಿಯುತ್ತೀರಾ ಎಂದು ಕೇಳಿದಳು.

"ಇಲ್ಲವ್ವಾ. ನಾನೂ ಇಳಿಯಂಗಿಲ್ಲ, ಯಾರನ್ನೂ ಇಳಸಂಗಿಲ್ಲ. ಪೈಪು ಒಂದೇ ಇಳೀತದ. ಹಿಂದ ನಮ್ಮ ಸೋದರಮಾವ ಇಳದಿದ್ದ, ಮ್ಯಾಲೆ ಬರಲಿಲ್ಲ."

ಈ ಮಾತನ್ನು ನಾನು ಯಾವ ಗಿರಾಕಿಗೂ ಹೇಳಿದವನಲ್ಲ. ಎಐಗೂ ಹೇಳಿರಲಿಲ್ಲ, ಅದು ಕೇಳಿರಲಿಲ್ಲ. ಹೆಂಡತಿ ಈಗ ಸಸಿಯನ್ನು ಬಿಟ್ಟು ನನ್ನನ್ನು ನೋಡುತ್ತಿದ್ದಳು.

"ಅದಕ್ಕ ಗಾಡಿ ತಗೊಂಡ್ರೇನ್ ಸರ್?"

"ಅದಕ್ಕೂ ಹೌದು, ಹೊಟ್ಟಿಪಾಡಿಗೂ ಹೌದು."

ಕಾರ್ಯಕ್ರಮ ಮುಗಿದ ಮೇಲೆ ಶಾಲು ಹೊದಿಸಿ ಕಳಿಸಿದರು. ಹೆಂಡತಿ ಬೈಕಿನ ಹಿಂದೆ ಕೂತಳು. ಇವತ್ತು ಮನೆಯಲ್ಲಿ ಊಟ ಸಿಗುವುದು ಕಷ್ಟ ಎಂದುಕೊಂಡೆ. ಬಸ್ ಸ್ಟ್ಯಾಂಡು ದಾಟುವಾಗ ಬೆನ್ನಿಗೆ ಒಂದು ಗುದ್ದು ಬಿತ್ತು.

"ಹಲ್ಲಿನ ಸೆಟ್ಟಿನ ಸುದ್ದಿ ನನಗ್ಯಾಕ ಹೇಳಿರಲಿಲ್ಲ?"

"ನಿನಗ ಗಲೀಜು ಮಾತು ಸೇರಂಗಿಲ್ಲಲ್ಲ."

"ಯಾರು ಹೇಳ್ಯಾರ?" ಎಂದಳು. ಬೈಕು ಅಲುಗಾಡುವಷ್ಟು ನಗುತ್ತಿದ್ದಳು.

ಮರುದಿನ ಹೆಡ್‌ಮಾಸ್ತರರು ಫೋನು ಮಾಡಿ, ಹುಡುಗಿಯರ ಸಂಡಾಸದ ಹಿಂದಿನ ಟ್ಯಾಂಕಿ ನೋಡಲು ಕರೆದರು. ವರ್ಷದ ಕರಾರೂ ಆಯಿತು. ಪ್ರಪೋಸಲನ್ನು ಈಗ ನಾನೇ ಹೇಳಿ ಬರೆಸುತ್ತೇನೆ. ಟ್ಯಾಂಕಿಯನ್ನು ಟ್ಯಾಂಕಿ ಎಂದೇ ಬರೆ, ಯಾರೂ ಒಳಗೆ ಇಳಿಯುವುದಿಲ್ಲ ಎಂಬುದನ್ನು ಮೊದಲ ಸಾಲಿನಲ್ಲೇ ಹಾಕು ಎಂದರೆ ಎಐ ಚೆನ್ನಾಗಿಯೇ ಬರೆಯುತ್ತದೆ. ಪಾಪ, ಮೊದಲೂ ಅದು ಹೇಳಿದಂತೆಯೇ ಕೇಳಿತ್ತು. ಮಾನ್ವಿಯ ಒಂದು ಕಲ್ಯಾಣ ಮಂಟಪದವರು ಅದನ್ನು ಓದಿ ಒಪ್ಪಿದರು. ಇನ್ನೊಂದರವರು ಓದಿ ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು ವಾಪಸ್ ಕೊಟ್ಟರು.

ಕಷ್ಟ ಈಗ ಹೆಂಡತಿಯದು. ಸ್ಟಾಫ್ ರೂಮಿನಲ್ಲಿ ಅವಳು ಊಟದ ಡಬ್ಬಿ ಬಿಚ್ಚಿದರೆ ಸಾಕು, ಯಾರಾದರೂ ಕುರ್ಚಿ ಎಳೆದುಕೊಂಡು ಬಂದು ತಮ್ಮ ಮನೆಯ ಟ್ಯಾಂಕಿಯ ಬಣ್ಣ, ಮಂದ, ಮಟ್ಟ ಎಲ್ಲವನ್ನೂ ವಿವರಿಸಿ ಸಲಹೆ ಕೇಳುತ್ತಾರೆ. ಅವಳು ರೊಟ್ಟಿ ಅಗಿಯುತ್ತಲೇ ಉತ್ತರ ಕೊಡುವುದನ್ನು ಕಲಿತಿದ್ದಾಳೆ. ಡಬ್ಬಿ ಕಟ್ಟಿಕೊಡುವ ನನಗೆ, ಬ್ಯಾಳಿ ಸಾರು ಮಾತ್ರ ಹಾಕಬೇಡಿ ಎಂದಿದ್ದಾಳೆ.