ಸತ್ತವನ ಬ್ರೆಡ್ಡು

ಬ್ಯಾಂಕುಗಳು ಒಂದೊಂದಾಗಿ ಮುಳುಗುತ್ತಿದ್ದ ಆ ಸೆಪ್ಟೆಂಬರಿನಲ್ಲಿ ನಮ್ಮ ಯಜಮಾನರ ಕೆಲಸವೂ ಹೋಯಿತು. ಹಾಗೆಂದು ಮಹಾಲಯ ಅಮಾವಾಸ್ಯೆ ನಿಲ್ಲುತ್ತದೆಯೇ? ಹಿಕ್ಸ್‌ವಿಲ್‌ನ ಬಾಡಿಗೆ ಮನೆಯ ಹಿತ್ತಲಿನಲ್ಲಿ, ತೀರಿಹೋದ ಮಾವನವರಿಗೆ ಎಡೆ ಇಟ್ಟು ಕಾಗೆಗಾಗಿ ಕಾಯುತ್ತಿದ್ದೆ. ಕಾಗೆ ಮುಟ್ಟುವವರೆಗೆ ಮನೆಯಲ್ಲಿ ಯಾರೂ ಉಣ್ಣುವಂತಿಲ್ಲ. ಅಳಿಲೊಂದು ವಡೆಗೆ ಬಾಯಿ ಹಾಕಲು ಬಂತು, ಬೈದು ಓಡಿಸಿದೆ.

ಬೇಲಿಯಾಚೆ ನಿಂತಿದ್ದ ಐರಿಷ್ ಅಜ್ಜ ಇದೇನೆಂದು ಕೇಳಿದರು. ಹೇಳಿದೆ. ನಗಲಿಲ್ಲ. ತನ್ನ ಅಪ್ಪನೂ ವರ್ಷಕ್ಕೊಮ್ಮೆ ಹೀಗೆ ಇಡುತ್ತಿದ್ದ ಎಂದರು. ತನ್ನ ಹಿರಿಯರಿಗಲ್ಲ, ತಾನೇ ಕೊಂದವನಿಗೆ.

ಐರ್ಲೆಂಡಿನಲ್ಲಿ ಬ್ರಿಟಿಷರ ವಿರುದ್ಧ ದಂಗೆ ಎದ್ದ ಕಾಲವಂತೆ ಅದು. ರಸ್ತೆ ತಿರುವಿನ ಕಲ್ಲುಗೋಡೆಯ ಹಿಂದೆ ಅಜ್ಜನ ಅಪ್ಪನೂ ಸೇರಿ ಹತ್ತು ಹನ್ನೆರಡು ಜನ ಅಡಗಿ ಕೂತಿದ್ದರು. ಹಿಂದಿನ ದಿನದಿಂದ ಯಾರ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ. ಪೊಲೀಸರ ಲಾರಿ ಬಂತು. ಅರ್ಧ ಗಂಟೆಯ ಕಾಳಗ, ಅಷ್ಟೇ. ಅಜ್ಜನ ಅಪ್ಪನ ಗುಂಡಿಗೆ ಬಿದ್ದ ಪೊಲೀಸನೂ ಐರಿಷನೇ. ಬಂದೂಕು ಎತ್ತಿಕೊಳ್ಳಲು ಬಗ್ಗಿದಾಗ ಅವನ ಜೇಬಿನಲ್ಲಿ ಕಾಗದ ಸುತ್ತಿದ, ಬೆಣ್ಣೆ ಸವರಿದ ಬ್ರೆಡ್ಡು ಸಿಕ್ಕಿತು. ಅಪ್ಪ ಅಲ್ಲೇ ನಿಂತು ತಿಂದುಬಿಟ್ಟ.

"ಕೊಂದದ್ದನ್ನ ಪಾದ್ರಿ ಹತ್ರ ಹೇಳಿಕೊಂಡ. ತಿಂದದ್ದನ್ನ ಹೇಳೋಕೆ ಮಾತ್ರ ಬಾಯೇ ಬರಲಿಲ್ಲ" ಎಂದರು ಅಜ್ಜ.

ಅಪ್ಪನ ನಂತರ ಪ್ರತಿ ನವೆಂಬರಿನಲ್ಲಿ, ಸತ್ತವರ ದಿನದಂದು, ಅಜ್ಜನೇ ಕಿಟಕಿಯ ಬಳಿ ಅಂಥದೇ ಬ್ರೆಡ್ಡು ಇಡುತ್ತಿದ್ದರು. ಈಗ ಅವರು ನರ್ಸಿಂಗ್ ಹೋಮ್‌ಗೆ ಹೊರಟಿದ್ದರು. ಮಕ್ಕಳಿಗೆ ಇದೆಲ್ಲ ತಮಾಷೆ. "ನೀನು ಹೇಗೂ ಇಡ್ತೀಯಲ್ಲ, ಆ ಪೊಲೀಸನಿಗೂ ಒಂದು ಚೂರು ಇಡ್ತೀಯಾ?" ಎಂದು ಕೇಳಿದರು. ಆಗಲಿ ಎಂದೆ. ಮುದುಕರಿಗೆ ಆಗಲಿ ಎನ್ನಲು ಏನು ಕಷ್ಟ?

ಕೆಲಸ ಹುಡುಕುವ ಗಡಿಬಿಡಿಯಲ್ಲಿ ಆ ನವೆಂಬರ್ ಬಂದು ಹೋದದ್ದೇ ತಿಳಿಯಲಿಲ್ಲ. ವಸಂತದಲ್ಲಿ ಇವರಿಗೆ ನ್ಯೂಜೆರ್ಸಿಯಲ್ಲಿ ಕೆಲಸ ಸಿಕ್ಕಿ ಅಲ್ಲಿನ ಎಡಿಸನ್‌ಗೆ ಬಂದೆವು. ಮುಂದಿನ ಮಹಾಲಯಕ್ಕೆ ಉಡುಪಿಯಿಂದ ಬಂದಿದ್ದ ಅತ್ತೆಯೂ ಇದ್ದರು. ಈ ಸಲ ಬ್ರೆಡ್ಡಿನ ನೆನಪಿತ್ತು. ಆದರೆ ಪಿತೃಗಳ ಎಡೆಯ ಪಕ್ಕ ಬ್ರೆಡ್ಡು ಇಟ್ಟರೆ ಮಡಿಯ ಅತ್ತೆ ಸುಮ್ಮನಿರುತ್ತಾರೆಯೇ? ಇಡಲಿಲ್ಲ.

ಬಾಲ್ಕನಿಯ ಎದುರಿನ ದೀಪದ ಕಂಬದ ಮೇಲೆ ಕಾಗೆ ಬಂದು ಕೂತಿತು. ಎಡೆಯನ್ನು ನೋಡಿತು, ನನ್ನನ್ನು ನೋಡಿತು. ಇಳಿಯಲಿಲ್ಲ. ಹನ್ನೆರಡಾಯಿತು, ಎರಡಾಯಿತು, ಮೂರಾಯಿತು.

"ಇವರಿಗೆ ಎಂತ ಆಸೆ ಉಳಿದಿತ್ತೋ" ಎಂದು ಅತ್ತೆ ಕಣ್ಣೀರು ಹಾಕಿದರು. ಕೈಮುಗಿದು ಗಯೆಗೆ ಹೋಗುತ್ತೇವೆಂದರು, ದಾನ ಕೊಡುತ್ತೇವೆಂದರು. ಕಾಗೆ ಕದಲಲಿಲ್ಲ. ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟೆ.

ಅತ್ತೆ ಬೈಯುತ್ತಾರೆಂದುಕೊಂಡಿದ್ದೆ. ಬೈದದ್ದೂ ಹೌದು. "ಹಸಿದವನನ್ನು ಹೊರಗೆ ನಿಲ್ಲಿಸಿ ಇಷ್ಟು ಹೊತ್ತು ಸುಮ್ಮನೆ ಕೂತಿದ್ದೀಯಲ್ಲ ಮಾರಾಯ್ತಿ! ಹೋಗು, ಬೆಣ್ಣೆ ತಾ."

ಅವರೇ ಬೆಣ್ಣೆ ಸವರಿ ಇಟ್ಟರು. ನಾವು ಒಳಗೆ ಸರಿಯುವ ಮೊದಲೇ ಕಾಗೆ ಇಳಿದು ಬ್ರೆಡ್ಡನ್ನು ಕಚ್ಚಿಕೊಂಡು ಹಾರಿತು. ಮಾವನವರ ಎಡೆಗೆ ಬಾಯಿ ಹಾಕಿದ್ದು ಆಮೇಲೆ.

ಊಟಕ್ಕೆ ಕೂತಾಗ ನಾಲ್ಕು ಗಂಟೆ. ಎಲ್ಲರೂ ಹಸಿದು ಉಂಡರು. ನನಗೆ ತುತ್ತು ಇಳಿಯಲಿಲ್ಲ. ಹಿಕ್ಸ್‌ವಿಲ್‌ನಿಂದ ಇಲ್ಲಿಯವರೆಗೆ ಅವನು ಇಡೀ ವರ್ಷ ಹಸಿದುಕೊಂಡೇ ನನ್ನ ಹಿಂದೆ ಬಂದಿದ್ದ.